ಮೆಚ್ಚಿನ ಗಿಟಾರ್ ವಾದಕರ ನಾದಕ್ಕೆ ತಕ್ಕ ಸಲಕರಣೆಗಳನ್ನು ಆರಿಸುವ ಬಗೆ

1969ರಲ್ಲಿ ಹೊರಬಂದ ಲೆಡ್ ಜೆಪ್ಪೆಲಿನ್ ತಂಡದ ಮೊದಲ ಆಲ್ಬಮ್ ಕೇಳಿ, ಅಂಥ ದಪ್ಪನೆಯ ನಾದ ತಮಗೂ ಬೇಕೆಂದು ಗಿಬ್ಸನ್ ಲೆಸ್ ಪಾಲ್ ಗಿಟಾರನ್ನೂ ಆಳೆತ್ತರದ ಮಾರ್ಷಲ್ ಆಂಪನ್ನೂ (ಗಿಟಾರಿನ ಧ್ವನಿಯನ್ನು ದೊಡ್ಡದಾಗಿಸುವ ಆಂಪ್ಲಿಫೈಯರ್) ಹುಡುಕಿಕೊಂಡು ಹೊರಡುವವರು ಇಂದಿಗೂ ಇದ್ದಾರೆ. ವೇದಿಕೆಯ ಚಿತ್ರಗಳಲ್ಲಿ ಆ ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಅವರ ಹೆಗಲಿಗೆ ತೂಗುಬಿದ್ದಿರುವುದು ಹೆಚ್ಚಾಗಿ ಲೆಸ್ ಪಾಲ್ ಗಿಟಾರೇ ಆದ್ದರಿಂದ ಈ ಊಹೆ ಸಹಜವೇ. ಆದರೆ ಆ ಆಲ್ಬಮ್ಮಿನ ಬಹುಪಾಲನ್ನು ಅವರು ನುಡಿಸಿದ್ದು ಫೆಂಡರ್ ಟೆಲಿಕಾಸ್ಟರ್‌ನಲ್ಲಿ, ಸುಪ್ರೋ ಕಂಪನಿಯ ಒಂದು ಸಣ್ಣ ಆಂಪ್‌ನ ಮೂಲಕ. ಮರುವರ್ಷ ಎರಿಕ್ ಕ್ಲ್ಯಾಪ್ಟನ್ ಅವರು ಡೆರೆಕ್ ಅಂಡ್ ದ ಡಾಮಿನೋಸ್ ತಂಡದ ಆಲ್ಬಮ್ಮಿಗಾಗಿ ನುಡಿಸುವಾಗ ಬಳಸಿದ ಫೆಂಡರ್ ಚಾಂಪ್ ಕೂಡ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದಷ್ಟು ಚಿಕ್ಕ ಆಂಪ್.

ಈ ಎರಡು ಸಂಗತಿಗಳನ್ನು ಮೊದಲಿಗೇ ಹೇಳಲು ಕಾರಣವಿದೆ. ನಾದದ ಬೆನ್ನು ಹತ್ತಿದವರು ಕಳೆದುಕೊಳ್ಳುವ ಹಣದಲ್ಲಿ ಹೆಚ್ಚಿನ ಪಾಲು ಹೋಗುವುದು ಚಿತ್ರ ನೋಡಿ ಕೊಂಡ ಸಾಮಾನುಗಳಿಗೆ. ಕೇಳಿ ಕೊಳ್ಳುವವರಿಗೆ ಅರ್ಧ ಖರ್ಚು ಸಾಕಾಗುತ್ತದೆ. ವಾದಕರ ಬಳಿ ಏನೇನು ಇತ್ತು ಎಂಬುದಕ್ಕಿಂತ, ನಿಮಗೆ ಹಿಡಿಸಿದ ಆ ನಿರ್ದಿಷ್ಟ ಧ್ವನಿಯಲ್ಲಿ ಯಾವ ವಸ್ತು ಯಾವ ಕೆಲಸ ಮಾಡಿದೆ ಎಂಬುದನ್ನು ಕಂಡುಕೊಂಡು, ಅದೇ ಕೆಲಸ ಮಾಡುವ, ನಿಮ್ಮ ಕೈಗೆಟಕುವ ವಸ್ತುವನ್ನು ಹುಡುಕುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಗುರಿ ಒಂದೇ ಧ್ವನಿಮುದ್ರಣವಾಗಿರಲಿ

ಮಾರ್ಕ್ ನಾಫ್ಲರ್ ಅವರಂತೆ ಕೇಳಿಸಬೇಕು ಎಂಬ ಆಸೆಯನ್ನು ಹಿಡಿದುಕೊಂಡು ಅಂಗಡಿಗೆ ಹೋದರೆ ಯಾವ ಗಿಟಾರ್ ಕೊಳ್ಳಬೇಕೆಂಬುದೇ ತಿಳಿಯುವುದಿಲ್ಲ. ಡೈರ್ ಸ್ಟ್ರೇಟ್ಸ್ ತಂಡದ 1978ರ 'ಸುಲ್ತಾನ್ಸ್ ಆಫ್ ಸ್ವಿಂಗ್' ಹಾಡಿನಲ್ಲಿ ಕೇಳಿಸುವುದು ಸ್ಟ್ರ್ಯಾಟೋಕಾಸ್ಟರ್‌ನ ತೆಳುವಾದ, ಗರಿಗರಿಯಾದ, ಬಹುತೇಕ ಒಡಕಿಲ್ಲದ (ಡಿಸ್ಟಾರ್ಷನ್ ಇಲ್ಲದ) ಧ್ವನಿ. 1985ರ 'ಮನಿ ಫಾರ್ ನಥಿಂಗ್' ಹಾಡಿನಲ್ಲಿ ಅದೇ ಬೆರಳುಗಳು ಗಿಬ್ಸನ್ ಗಿಟಾರಿನ ಮೇಲಿವೆ, ಆಂಪ್ ಬೇರೆಯಾಗಿದೆ, ನಾದವು ಮೂಗಿನಿಂದ ಬಂದಂತೆ ಮಧ್ಯಮ ಸ್ತರದಲ್ಲಿ ಕಟ್ಟಿಕೊಂಡಿದೆ. ಆಂಪ್‌ನ ಮುಂದಿನ ಮೈಕ್‌ಗಳನ್ನು ಸರಿಪಡಿಸುವ ಮೊದಲೇ, ಅವು ಎತ್ತೆತ್ತಲೋ ತಿರುಗಿದ್ದಾಗ ಸಿಕ್ಕಿದ ಧ್ವನಿ ಅದೆಂದು ಆ ಆಲ್ಬಮ್ಮಿನ ಧ್ವನಿತಜ್ಞ ನೀಲ್ ಡಾರ್ಫ್ಸ್‌ಮನ್ ಹೇಳಿದ್ದಾರೆ. ಇಂಥದ್ದನ್ನು ಯಾವ ಅಂಗಡಿಯೂ ಮಾರುವುದಿಲ್ಲ. 2005ರಲ್ಲಿ ನಾಫ್ಲರ್ ಬೆಂಗಳೂರಿಗೆ ಬಂದಾಗ ಕೇಳಿದವರ ನೆನಪಿನಲ್ಲಿರುವುದು ಈ ಎರಡಕ್ಕೂ ಸೇರದ ಮೂರನೆಯ ನಾದವಾಗಿರಲೂ ಸಾಕು.

ಡೇವಿಡ್ ಗಿಲ್ಮರ್ ಅವರ ವಿಷಯದಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಅವರ ಕಪ್ಪು ಸ್ಟ್ರ್ಯಾಟೋಕಾಸ್ಟರ್ 2019ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 39.75 ಲಕ್ಷ ಡಾಲರ್‌ಗೆ ಮಾರಾಟವಾದ ಮೇಲೆ, ಪಿಂಕ್ ಫ್ಲಾಯ್ಡ್ ತಂಡದ ಎಲ್ಲ ಧ್ವನಿಯೂ ಆ ಒಂದು ಗಿಟಾರಿನಿಂದ ಬಂದದ್ದೆಂಬ ನಂಬಿಕೆ ಗಟ್ಟಿಯಾಗಿದೆ. ಆದರೆ 1979ರ 'ಅನದರ್ ಬ್ರಿಕ್ ಇನ್ ದ ವಾಲ್' ಹಾಡಿನ ಎರಡನೆಯ ಭಾಗದ ಪ್ರಸಿದ್ಧ ಸೋಲೋವನ್ನು ಅವರು ನುಡಿಸಿದ್ದು 1955ರ ಚಿನ್ನದ ಬಣ್ಣದ ಲೆಸ್ ಪಾಲ್‌ನಲ್ಲಿ, ಅದನ್ನು ನೇರವಾಗಿ ಮಿಕ್ಸಿಂಗ್ ಡೆಸ್ಕಿಗೆ ಜೋಡಿಸಿಕೊಂಡು. ಆ ಸೋಲೋಗಾಗಿ ಸ್ಟ್ರ್ಯಾಟೋಕಾಸ್ಟರ್ ಕೊಂಡವರು ವರ್ಷಗಟ್ಟಲೆ ಗುಂಡಿ ತಿರುಗಿಸಿದರೂ ಆ ಧ್ವನಿ ಕೈಗೆ ಸಿಗುವುದಿಲ್ಲ.

ಆದ್ದರಿಂದ ಒಂದು ಹಾಡನ್ನು, ಸಾಧ್ಯವಾದರೆ ಅದರಲ್ಲಿನ ಅರ್ಧ ನಿಮಿಷವನ್ನು ಗೊತ್ತುಮಾಡಿಕೊಳ್ಳಿ. ಅದು ಸ್ಟುಡಿಯೋದ ಆವೃತ್ತಿಯೋ ವೇದಿಕೆಯದ್ದೋ ಎಂಬುದನ್ನೂ ತೀರ್ಮಾನಿಸಿ. ಎರಡನೆಯ, ಮೂರನೆಯ ಹಾಡುಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಸಾಮಾನಿನ ಹೆಸರು ಬದಿಗಿಟ್ಟು ಕೇಳುವುದು

ಆರಿಸಿಕೊಂಡ ತುಣುಕನ್ನು ಹೆಡ್‌ಫೋನಿನಲ್ಲಿ, ವೇಗ ತಗ್ಗಿಸಿ, ಮತ್ತೆ ಮತ್ತೆ ಕೇಳಿ. ಮೀಟಿದ ಕ್ಷಣದಲ್ಲಿ ಚಟ್ಟನೆ ಸಿಡಿಯುತ್ತದೆಯೋ ಮೆತ್ತಗೆ ತೆರೆದುಕೊಳ್ಳುತ್ತದೆಯೋ, ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ, ಒಡಕು ಎಷ್ಟಿದೆ ಮತ್ತು ಮೆಲ್ಲಗೆ ಮೀಟಿದಾಗ ಅದು ಕಡಿಮೆಯಾಗುತ್ತದೆಯೇ, ಸ್ವರದ ಬೆನ್ನಿಗೆ ಪ್ರತಿಧ್ವನಿ ಇದೆಯೇ, ಸ್ವರದಲ್ಲಿ ಯಂತ್ರದಿಂದ ಬಂದ ಅಲೆಯಾಟವಿದೆಯೇ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಯಾವ ಬ್ರ್ಯಾಂಡಿನ ಹೆಸರೂ ಇಲ್ಲದ ಈ ಟಿಪ್ಪಣಿಯೇ ಮುಂದೆ ಖರೀದಿಯ ಪಟ್ಟಿಯಾಗುತ್ತದೆ.

ಕೇಳುವಾಗ ಕಿವಿಗೆ ಮೋಸವಾಗುವ ಎರಡು ಕಡೆಗಳಿವೆ. ಮೊದಲನೆಯದು, ಒಡಕಿನ ಪ್ರಮಾಣವನ್ನು ಎಲ್ಲರೂ ಹೆಚ್ಚಾಗಿಯೇ ಅಂದಾಜು ಮಾಡುತ್ತಾರೆ. ಎಸಿ/ಡಿಸಿ ತಂಡದ 1980ರ 'ಬ್ಯಾಕ್ ಇನ್ ಬ್ಲ್ಯಾಕ್' ಆಲ್ಬಮ್ಮನ್ನು ಗಮನವಿಟ್ಟು ಕೇಳಿದರೆ, ಆಂಗಸ್ ಮತ್ತು ಮಾಲ್ಕಮ್ ಯಂಗ್ ಸೋದರರ ಒಂದೊಂದು ಗಿಟಾರಿನಲ್ಲೂ ಇರುವ ಗೇನ್ (ಒಡಕು ಬರುವಂತೆ ಸಂಕೇತವನ್ನು ಏರಿಸುವ ಪ್ರಮಾಣ) ನಾವೆಣಿಸಿದ್ದಕ್ಕಿಂತ ಬಹಳ ಕಡಿಮೆಯೆಂದೂ, ಇಬ್ಬರೂ ಗಟ್ಟಿಯಾಗಿ, ಒಟ್ಟಿಗೆ, ತಾಳ ತಪ್ಪದೆ ಮೀಟುವುದರಿಂದ ಆ ಬಲ ಬಂದಿದೆಯೆಂದೂ ತಿಳಿಯುತ್ತದೆ. ಮೆಟಾಲಿಕಾ ತಂಡದ ರಿದಂ ಗಿಟಾರಿನ ದಪ್ಪವೂ ಇಂಥದ್ದೇ. ಒಂದೇ ಭಾಗವನ್ನು ಜೇಮ್ಸ್ ಹೆಟ್‌ಫೀಲ್ಡ್ ಹಲವು ಸಲ ನುಡಿಸಿ, ಎಡ ಬಲ ಕಿವಿಗಳಿಗೆ ಹಂಚಿದ್ದರಿಂದ ಆ ಗೋಡೆ ಎದ್ದಿದೆ. ಮನೆಯಲ್ಲಿ ಒಂದೇ ಗಿಟಾರ್ ಹಿಡಿದವರು ಆ ಕೊರತೆಯನ್ನು ಗೇನ್ ಏರಿಸಿ ತುಂಬಲು ಹೋದರೆ ಸ್ವರಗಳು ಕಲಸಿಹೋಗುತ್ತವೆ. ಎರಡು ಸಲ ನುಡಿಸಿ ಮುದ್ರಿಸಿಕೊಂಡರೆ ಯಾವ ಪೆಡಲೂ (ಧ್ವನಿ ಬದಲಿಸಲು ಕಾಲಿನಿಂದ ಒತ್ತುವ ಪೆಟ್ಟಿಗೆ) ಕೊಡದ ದಪ್ಪ ಬರುತ್ತದೆ, ಅದಕ್ಕೆ ಹಣವೂ ಬೇಡ.

ಎರಡನೆಯದು, ಹಾಡಿನಲ್ಲಿ ತುಂಬಿಕೊಂಡಂತೆ ಕೇಳಿಸುವ ಮಂದ್ರ ಭಾಗದಲ್ಲಿ ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್‌ಗಳ ಪಾಲು ದೊಡ್ಡದು. ಗಿಟಾರಿನ ಧ್ವನಿಯನ್ನು ಮಾತ್ರ ಬೇರ್ಪಡಿಸಿ ಕೇಳಿದರೆ ಅದು ಎಷ್ಟೋ ಸಲ ಬಡಕಲಾಗಿ, ಕರ್ಕಶವಾಗಿಯೂ ಇರುತ್ತದೆ. ಕೋಣೆಯಲ್ಲಿ ಒಬ್ಬರೇ ಕುಳಿತು ಬಾಸ್ ಗುಂಡಿಯನ್ನು ಏರಿಸಿ ಸಿದ್ಧಪಡಿಸಿದ ತುಂಬುನಾದ, ತಂಡದೊಡನೆ ನುಡಿಸುವಾಗ ಕೇಳಿಸದೆ ಮುಳುಗಿಹೋಗುವುದು ಈ ಕಾರಣಕ್ಕೇ. ಹೋಲಿಸುವುದಿದ್ದರೆ ಹಾಡಿನ ಹಿನ್ನೆಲೆ ಟ್ರ್ಯಾಕಿನ ಜೊತೆ ನುಡಿಸಿ ಹೋಲಿಸಿ.

ಬೆರಳು, ತಂತಿ, ಶ್ರುತಿ

ಅಗ್ಗವಾಗಿ ಆಗುವ ಬದಲಾವಣೆಗಳನ್ನು ಮೊದಲು ಮಾಡಬೇಕು. ನಾಫ್ಲರ್ ಅವರ 'ಸುಲ್ತಾನ್ಸ್' ಧ್ವನಿಯಲ್ಲಿ ಪ್ಲೆಕ್ಟ್ರಮ್ (ತಂತಿ ಮೀಟುವ ಪಿಕ್) ಇಲ್ಲವೇ ಇಲ್ಲ. ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳುಗಳ ತುದಿಯಿಂದ ತಂತಿಯನ್ನು ಸೆಳೆದು ಬಿಡುವಾಗ ಬರುವ ಟಪಕಾರವನ್ನು ಕೊಡುವ ಯಂತ್ರ ಈವರೆಗೆ ಬಂದಿಲ್ಲ. ಕ್ವೀನ್ ತಂಡದ ಬ್ರಯಾನ್ ಮೇ ಅವರು ಪ್ಲಾಸ್ಟಿಕ್ ಪಿಕ್ ಬದಲು ಹಳೆಯ ಆರು ಪೆನ್ನಿಯ ನಾಣ್ಯದಿಂದ ಮೀಟುತ್ತಾರೆ, ನಾಣ್ಯದ ಗರಗಸದಂಥ ಅಂಚು ತಂತಿಗೆ ಉಜ್ಜಿದಾಗ ಸ್ವರದ ಆರಂಭದಲ್ಲಿ ಒಂದು ಸಣ್ಣ ಕೆರೆತ ಕೇಳಿಸುತ್ತದೆ. ಇವೆರಡನ್ನೂ ಇಂದೇ ಮಾಡಿ ನೋಡಬಹುದು.

ತಂತಿಗಳ ದಪ್ಪದ ಬಗ್ಗೆ ಮಾತ್ರ ದಂತಕಥೆಗಳು ಹೆಚ್ಚು. ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ ಅವರು 0.013 ಇಂಚಿನಿಂದ ಆರಂಭವಾಗುವ ದಪ್ಪ ತಂತಿಗಳನ್ನು ಬಳಸುತ್ತಿದ್ದರೆಂಬುದು ನಿಜ, ಆದರೆ ಅವರು ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಳ್ಳುತ್ತಿದ್ದರು, ಮತ್ತು ಅವರ ಕೈಗಳ ಬಲವೇ ಬೇರೆಯಿತ್ತು. ಇತ್ತ ಜೀಜೀ ಟಾಪ್ ತಂಡದ ಬಿಲ್ಲಿ ಗಿಬ್ಬನ್ಸ್ 0.007 ಇಂಚಿನ, ಕೂದಲೆಳೆಯಂಥ ತಂತಿಗಳಲ್ಲಿ ಅಷ್ಟೇ ದಪ್ಪ ನಾದ ತೆಗೆಯುತ್ತಾರೆ. ಹಾಗಾಗಿ ನಾದ ದಪ್ಪವಾಗಲೆಂದು ಮಣಿಕಟ್ಟಿಗೆ ನೋವು ತಂದುಕೊಳ್ಳುವ ಅಗತ್ಯವಿಲ್ಲ. 0.009 ಅಥವಾ 0.010 ಇಂಚಿನ ಸೆಟ್ ಹಾಕಿ, ಮೂಲ ಹಾಡಿನ ಶ್ರುತಿಯನ್ನು ಮಾತ್ರ ಸರಿಯಾಗಿ ಹಿಡಿಯಿರಿ. ವಾನ್ ಮತ್ತು ಜಿಮಿ ಹೆಂಡ್ರಿಕ್ಸ್ ಅವರ ಎಷ್ಟೋ ಹಾಡುಗಳಲ್ಲಿ ಶ್ರುತಿ ಅರ್ಧ ಸ್ವರ ಕೆಳಗಿದೆ. ಬ್ಲ್ಯಾಕ್ ಸಬಾತ್ ತಂಡದ ಟೋನಿ ಅಯೋಮಿ ಅವರು 1971ರಿಂದ ಹಲವು ಹಾಡುಗಳಲ್ಲಿ ಒಂದೂವರೆ ಸ್ವರದಷ್ಟು ಇಳಿಸಿದ್ದಾರೆ. ಸಡಿಲಗೊಂಡ ತಂತಿಯ ಅಲುಗಾಟವೇ ಆ ನಾದದ ಭಾಗ. ಹೀಗೆ ಇಳಿಸಿದಾಗ ಅಥವಾ ತಂತಿಯ ದಪ್ಪ ಬದಲಿಸಿದಾಗ ನೆಕ್‌ನ (ಗಿಟಾರಿನ ಕತ್ತಿನ) ಬಾಗು ಮತ್ತು ತಂತಿಯ ಎತ್ತರವನ್ನು ಮತ್ತೆ ಸರಿಪಡಿಸಿಕೊಳ್ಳಬೇಕು. ಗಿಟಾರ್ ರಿಪೇರಿ ಮಾಡುವವರು ಸೆಟಪ್ ಎಂದು ಕರೆಯುವ ಈ ಕೆಲಸಕ್ಕೆ ಹಣ ಕೊಡಲು ಹಿಂಜರಿಯಬೇಡಿ.

ಗಿಟಾರ್ ಕೊಳ್ಳುವಾಗ ನೋಡಬೇಕಾದದ್ದು ಪಿಕಪ್

ಮರ, ಬಣ್ಣ, ತಯಾರಾದ ದೇಶ ಇವುಗಳ ಬಗೆಗಿನ ವಾದಗಳನ್ನು ಸದ್ಯಕ್ಕೆ ಬಿಡೋಣ. ನಾದದ ದೃಷ್ಟಿಯಿಂದ ಮೊದಲು ನೋಡಬೇಕಾದದ್ದು ಪಿಕಪ್‌ನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗದ) ಬಗೆ ಮತ್ತು ಅದು ಇರುವ ಜಾಗ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ ಚುರುಕಾಗಿ, ಸ್ಫುಟವಾಗಿ ಕೇಳಿಸುತ್ತದೆ, ಜೊತೆಗೆ ಮನೆಯ ವಿದ್ಯುತ್ತಿನ ಗುಂಯ್ ಸದ್ದನ್ನೂ ಹಿಡಿದುಕೊಳ್ಳುತ್ತದೆ. ಗಿಬ್ಸನ್ ಕಂಪನಿಯಲ್ಲಿದ್ದ ಸೆಥ್ ಲವರ್ ಅವರು 1955ರಲ್ಲಿ ರೂಪಿಸಿದ ಎರಡು ಸುರುಳಿಗಳ ಹಂಬಕರ್ ಆ ಗುಂಯ್ ಸದ್ದನ್ನು ಅಳಿಸುತ್ತದೆ, ನಾದವನ್ನು ದಪ್ಪಗೊಳಿಸುತ್ತದೆ, ಮೇಲಿನ ಹೊಳಪನ್ನು ಸ್ವಲ್ಪ ಕಳೆಯುತ್ತದೆ. ಗಿಲ್ಮರ್ ಅವರ ಚಿನ್ನದ ಬಣ್ಣದ ಲೆಸ್ ಪಾಲ್‌ನಲ್ಲಿದ್ದ ಪಿ-90 ಇವೆರಡರ ನಡುವೆ ನಿಲ್ಲುವಂಥದ್ದು: ಸುರುಳಿ ಒಂದೇ, ಆದರೆ ಮೈ ತುಂಬಿದ ಧ್ವನಿ.

ನೆಕ್ ಬಳಿಯ ಪಿಕಪ್ ದುಂಡಗೆ, ಬ್ರಿಡ್ಜ್ (ತಂತಿಗಳ ಕೆಳತುದಿಯ ಆಧಾರ) ಬಳಿಯದು ಚೂಪಾಗಿ ಕೇಳಿಸುತ್ತದೆ. ಸ್ಟ್ರ್ಯಾಟೋಕಾಸ್ಟರ್‌ನಲ್ಲಿ ಎರಡು ಪಿಕಪ್‌ಗಳು ಒಟ್ಟಿಗೆ ಕೆಲಸ ಮಾಡುವ ನಡುವಿನ ಸ್ಥಾನಗಳಿಗೆ ಟೊಳ್ಳಾದ, ಕೊಂಚ ಕ್ವಾಕ್ ಎನ್ನುವ ಗುಣವಿದೆ. ನಾಫ್ಲರ್ ಅವರ 'ಸುಲ್ತಾನ್ಸ್' ಧ್ವನಿ ಬಂದದ್ದು ಬ್ರಿಡ್ಜ್ ಮತ್ತು ನಡುವಿನ ಪಿಕಪ್‌ಗಳು ಸೇರಿದ ಸ್ಥಾನದಿಂದ. ಅಂದರೆ ಆ ಹಾಡಿಗೆ ಬೇಕಾಗಿರುವುದು ಮೂರು ಸಿಂಗಲ್ ಕಾಯಿಲ್‌ಗಳಿರುವ ಯಾವುದಾದರೂ ಒಳ್ಳೆಯ ಗಿಟಾರ್. ಫೆಂಡರ್ ಒಡೆತನದ ಸ್ಕ್ವಯರ್ ಬ್ರ್ಯಾಂಡಿನ ಗಿಟಾರುಗಳು ಇದಕ್ಕೆ ಧಾರಾಳವಾಗಿ ಸಾಕು. ಲೆಸ್ ಪಾಲ್ ಬಗೆಯ ನಾದಕ್ಕೆ ಗಿಬ್ಸನ್ ಒಡೆತನದ ಎಪಿಫೋನ್ ಇದೆ. ಇನ್ನೂ ಒಂದೇ ದಾರಿ ಹಿಡಿಯದವರಿಗೆ, ಬ್ರಿಡ್ಜ್ ಬಳಿ ಹಂಬಕರ್ ಮತ್ತು ಉಳಿದೆರಡು ಕಡೆ ಸಿಂಗಲ್ ಕಾಯಿಲ್ ಇರುವ ಯಮಾಹಾ ಪೆಸಿಫಿಕಾದಂಥ ಗಿಟಾರ್ ಬುದ್ಧಿವಂತಿಕೆಯ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಹೆಸರು ಕಡಿಮೆ ಹೊಳೆಯುತ್ತದೆ, ಕೆಲಸ ಹೆಚ್ಚು ಮಾಡುತ್ತದೆ.

ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಸದಾ ಹತ್ತರಲ್ಲಿ ಇಟ್ಟು ಮರೆತುಬಿಡುವವರು ಬಹಳ. ಹೆಂಡ್ರಿಕ್ಸ್ ಅವರ ಅನೇಕ ಶುಭ್ರ ಧ್ವನಿಗಳು, ದಟ್ಟ ಒಡಕು ಕೊಡುವ ಫಜ್ ಪೆಡಲ್ ಚಾಲೂ ಇರುವಾಗಲೇ ಆ ಗುಂಡಿಯನ್ನು ಇಳಿಸಿ ಪಡೆದಂಥವು. ಹೊಸ ಪೆಡಲ್ ಕೊಳ್ಳುವ ಮೊದಲು, ಇರುವ ಗುಂಡಿಗಳನ್ನು ಏಳಕ್ಕೆ, ಐದಕ್ಕೆ ತಿರುಗಿಸಿ ಕೇಳಿ.

ಆಂಪ್ ಮತ್ತು ಸ್ಪೀಕರ್

ಹಣ ಖರ್ಚು ಮಾಡಬೇಕಾದ ಜಾಗ ಇದು. ಸಾಧಾರಣ ಗಿಟಾರನ್ನು ಒಳ್ಳೆಯ ಆಂಪ್‌ಗೆ ಜೋಡಿಸಿದರೆ ಕೇಳಲು ಹಿತವಾಗಿರುತ್ತದೆ. ಅತ್ಯುತ್ತಮ ಗಿಟಾರನ್ನು ಕಳಪೆ ಆಂಪ್‌ಗೆ ಜೋಡಿಸಿದರೆ ಕಳಪೆಯಾಗಿಯೇ ಕೇಳಿಸುತ್ತದೆ. ಆದರೂ ನಮ್ಮಲ್ಲಿ ಬಹುಮಂದಿ ಬಜೆಟ್ಟಿನ ಮುಕ್ಕಾಲು ಪಾಲನ್ನು ಗಿಟಾರಿಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಆಂಪ್ ತರುತ್ತಾರೆ.

ನಿರ್ವಾತ ಕೊಳವೆಗಳಿಂದ ಕೆಲಸ ಮಾಡುವ ಟ್ಯೂಬ್ ಆಂಪ್‌ಗಳಲ್ಲಿ ಮುಖ್ಯವಾಗಿ ಮೂರು ಮನೆತನಗಳನ್ನು ಕಿವಿಯಲ್ಲಿ ಗುರುತಿಸಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಅಮೆರಿಕದ ಫೆಂಡರ್ ಆಂಪ್‌ಗಳಲ್ಲಿ 6ಎಲ್6 ಅಥವಾ 6ವಿ6 ಪವರ್ ಟ್ಯೂಬ್‌ಗಳಿದ್ದು, ಮಧ್ಯಮ ಸ್ತರ ಸ್ವಲ್ಪ ಒಳಸರಿದ, ಗಾಜಿನಂತೆ ನಿಚ್ಚಳವಾದ ಧ್ವನಿ ಬರುತ್ತದೆ. ವಾನ್ ಅವರ ನಾದದ ತಳಹದಿ ಇದು. ಬ್ರಿಟನ್ನಿನ ವಾಕ್ಸ್ ಎಸಿ30ಯಲ್ಲಿ ಇಎಲ್84 ಟ್ಯೂಬ್‌ಗಳಿವೆ, ಮೇಲಿನ ಸ್ತರದಲ್ಲಿ ಗಂಟೆಯಂಥ ಮೊಳಗು ಕೇಳಿಸುತ್ತದೆ. ಶ್ಯಾಡೋಸ್ ತಂಡದ ಹ್ಯಾಂಕ್ ಮಾರ್ವಿನ್, ಬ್ರಯಾನ್ ಮೇ, ಯು2 ತಂಡದ ದಿ ಎಡ್ಜ್ ಮೂವರೂ ಬೇರೆ ಬೇರೆ ಕಾಲದಲ್ಲಿ, ಒಬ್ಬರಿಗೊಬ್ಬರು ಹೋಲದ ನಾದಗಳನ್ನು ಈ ಒಂದೇ ಆಂಪ್‌ನಿಂದ ತೆಗೆದಿದ್ದಾರೆ. ಮೂರನೆಯದು ಮಾರ್ಷಲ್: ಹೆಚ್ಚಿನ ಪ್ರಸಿದ್ಧ ಮಾದರಿಗಳಲ್ಲಿ ಇಎಲ್34 ಟ್ಯೂಬ್, ಮುಂದೆ ಬಂದು ನಿಲ್ಲುವ ಮಧ್ಯಮ ಸ್ತರ, ಕಚಕಚ ಅಗಿಯುವಂಥ ಒಡಕು. ಹೆಂಡ್ರಿಕ್ಸ್, ಆಂಗಸ್ ಯಂಗ್, ಎಡ್ಡಿ ವಾನ್ ಹೇಲನ್ ಇವರೆಲ್ಲ ಈ ಮನೆತನದವರು. ಈ ಮೂರಕ್ಕೂ ಹೊರಗೆ, ಎಷ್ಟೇ ಏರಿಸಿದರೂ ಸುಲಭಕ್ಕೆ ಒಡೆಯದ ಹೈವಾಟ್ ಗಿಲ್ಮರ್ ಅವರದ್ದು, ಗೇನ್ ತುಂಬಿ ತುಳುಕುವ ಮೆಸಾ ಬೂಗಿ ಮೆಟಾಲಿಕಾದ 1986ರ ಆಲ್ಬಮ್ಮಿನದ್ದು.

ಆದರೆ ಹೈವಾಟ್‌ನ ಪ್ರಸಿದ್ಧ ಮಾದರಿ 100 ವಾಟ್‌ನದು. ಕಿವಿಗೆ ಶಬ್ದ ಇಮ್ಮಡಿಯಾಗಿ ಕೇಳಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟು ಬೇಕಾಗುತ್ತದೆ. ಅದನ್ನೇ ತಿರುಗಿಸಿ ಹೇಳುವುದಾದರೆ 10 ವಾಟ್‌ನ ಆಂಪ್ 100 ವಾಟ್‌ನದಕ್ಕಿಂತ ಅರ್ಧದಷ್ಟು ಮಾತ್ರ ಕಡಿಮೆ ಗಟ್ಟಿ. ಹೀಗಾಗಿ ಅಪಾರ್ಟ್‌ಮೆಂಟಿನಲ್ಲಿ ಐದು ವಾಟ್‌ನ ಟ್ಯೂಬ್ ಆಂಪ್ ಕೂಡ ಪೂರ್ತಿ ಏರಿಸಿದರೆ ಪಕ್ಕದ ಮನೆಯವರನ್ನು ಬಾಗಿಲಿಗೆ ಕರೆತರುತ್ತದೆ. ಟ್ಯೂಬ್ ಆಂಪ್‌ನ ಸೊಗಸು ಹೆಚ್ಚಾಗಿ ಅದನ್ನು ಏರಿಸಿದಾಗಲೇ ಬರುವುದರಿಂದ, ಮನೆಗಾಗಿ ಕೊಳ್ಳುವವರು ಒಂದು ವಾಟ್‌ನ ಆಂಪನ್ನೋ, ಶಕ್ತಿಯನ್ನು ಅರ್ಧ ವಾಟ್‌ವರೆಗೆ ಇಳಿಸಬಹುದಾದ ಬಾಸ್ (Boss) ಕಂಪನಿಯ ಕಟಾನಾ 50ರಂಥ ಡಿಜಿಟಲ್ ಆಂಪನ್ನೋ ನೋಡುವುದು ಲೇಸು.

ಸ್ಪೀಕರನ್ನು ಎಲ್ಲರೂ ಮರೆಯುತ್ತಾರೆ, ಅದರಿಂದಲೇ ಅತಿ ಹೆಚ್ಚು ವ್ಯತ್ಯಾಸವಾಗುತ್ತದೆ. ಗಿಟಾರ್ ಸ್ಪೀಕರ್ ಸಂಗೀತ ಕೇಳುವ ಸ್ಪೀಕರಿನಂತಲ್ಲ. ಸುಮಾರು 5,000 ಹರ್ಟ್ಸ್‌ನ ಮೇಲೆ ಅದರ ಧ್ವನಿ ಬೇಗನೆ ಕುಗ್ಗುತ್ತದೆ. ಡಿಸ್ಟಾರ್ಷನ್ ಪೆಡಲನ್ನು ನೇರವಾಗಿ ಹೋಮ್ ಥಿಯೇಟರಿಗೆ ಜೋಡಿಸಿದರೆ ಜೇನುಗೂಡಿಗೆ ಕಲ್ಲೆಸೆದಂಥ ಸದ್ದು ಬರುವುದು ಆ ಸೋಸುವಿಕೆ ಇಲ್ಲದ್ದರಿಂದ. ಎಂಟು ಇಂಚಿನ ಸ್ಪೀಕರ್ ಡಬ್ಬಿಯೊಳಗಿನಿಂದ ಬಂದಂತೆ, ಹನ್ನೆರಡು ಇಂಚಿನದು ಎದೆಗೆ ತಾಕುವಂತೆ ಕೇಳಿಸುತ್ತದೆ. ಸೆಲೆಸ್ಚನ್ ಕಂಪನಿಯ ಗ್ರೀನ್‌ಬ್ಯಾಕ್ ಸ್ಪೀಕರ್ ಮಾರ್ಷಲ್ ನಾದಕ್ಕೆ, ಅದೇ ಕಂಪನಿಯ ಆಲ್ನಿಕೋ ಬ್ಲೂ ವಾಕ್ಸ್ ನಾದಕ್ಕೆ ಸೇರಿಕೊಂಡೇ ಬಂದಿವೆ. ಹಳೆಯ ಕಾಂಬೋ ಆಂಪ್ (ಸ್ಪೀಕರ್ ಒಳಗೇ ಇರುವಂಥದ್ದು) ಇದ್ದವರು ಅದನ್ನು ಮಾರುವ ಮೊದಲು ಸ್ಪೀಕರ್ ಬದಲಿಸಿ ನೋಡುವುದು ಒಳ್ಳೆಯದು. ಓಮ್ ಮೌಲ್ಯ ಆಂಪ್‌ಗೆ ಹೊಂದಬೇಕು, ಸ್ಪೀಕರಿನ ವಾಟ್ ಆಂಪ್‌ಗಿಂತ ಹೆಚ್ಚಿರಬೇಕು. ಟ್ಯೂಬ್ ಆಂಪನ್ನು ಸ್ಪೀಕರ್ ಇಲ್ಲದೆ ಚಾಲೂ ಮಾಡಬಾರದು, ಮತ್ತು ಪ್ಲಗ್ ತೆಗೆದ ಮೇಲೂ ಅದರೊಳಗೆ ಪ್ರಾಣಕ್ಕೆ ಅಪಾಯ ತರುವಷ್ಟು ವೋಲ್ಟೇಜ್ ಉಳಿದಿರುವುದರಿಂದ ಒಳಗೆ ಕೈ ಹಾಕಬಾರದು.

ಪೆಡಲ್‌ಗಳು

ಟಿಪ್ಪಣಿಯಲ್ಲಿ ಬರೆದುಕೊಂಡ ಗುಣಗಳಲ್ಲಿ ಈವರೆಗೆ ದೊರೆಯದೆ ಉಳಿದವುಗಳಿಗೆ ಮಾತ್ರ ಪೆಡಲ್ ಕೊಳ್ಳಿ. ವಾನ್ ಅವರು ಐಬನೆಜ್ ಟ್ಯೂಬ್ ಸ್ಕ್ರೀಮರ್ ಬಳಸುತ್ತಿದ್ದರೆಂದು ತಿಳಿದು ಅದನ್ನು ಕೊಂಡು, ಡ್ರೈವ್ ಗುಂಡಿಯನ್ನು ಪೂರ್ತಿ ತಿರುಗಿಸಿ, ಇದು ಅವರ ನಾದವಲ್ಲ ಎಂದು ಬೇಸರಪಡುವವರು ಸಾಕಷ್ಟು. ಆ ಪೆಡಲ್ ಬಾಸ್ ಕಡಿಮೆ ಮಾಡಿ ಸುಮಾರು 700 ಹರ್ಟ್ಸ್ ಆಸುಪಾಸಿನ ಮಧ್ಯಮ ಸ್ತರವನ್ನು ಮುಂದೆ ತರುತ್ತದೆ. ಆ ಸ್ತರದಲ್ಲಿಯೇ ಫೆಂಡರ್ ಆಂಪ್ ಒಳಸರಿದಿರುತ್ತದೆ. ಡ್ರೈವ್ ಕಡಿಮೆ, ಲೆವೆಲ್ ಹೆಚ್ಚು ಇಟ್ಟು, ಈಗಾಗಲೇ ಒಡೆಯುವ ಅಂಚಿನಲ್ಲಿರುವ ಆಂಪನ್ನು ತಳ್ಳುವುದಕ್ಕೆ ಅದನ್ನು ಬಳಸಬೇಕು. ಈ ಸರ್ಕ್ಯೂಟಿನ ಅಗ್ಗದ ನಕಲುಗಳು ಬೇಕಾದಷ್ಟಿವೆ, ಕಣ್ಣು ಕಟ್ಟಿ ಕೇಳಿಸಿದರೆ ಮೂಲವನ್ನು ಗುರುತಿಸುವವರು ವಿರಳ. ಪ್ರತಿಧ್ವನಿ ಕೊಡುವ ಡಿಲೇ ಪೆಡಲ್‌ಗಳಲ್ಲಿ ಮಾತ್ರ ಅತಿ ಅಗ್ಗದ್ದು ಬೇಡ. ಟ್ಯಾಪ್ ಟೆಂಪೋ (ತಾಳಕ್ಕೆ ತಟ್ಟಿ ವೇಗ ಹೊಂದಿಸುವ ಸೌಲಭ್ಯ) ಇಲ್ಲದಿದ್ದರೆ ಹಾಡಿನೊಡನೆ ಹೊಂದಿಸುವುದು ಕಷ್ಟ.

ಜೋಡಣೆಯ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಗಿಟಾರಿನಿಂದ ಫಜ್, ವಾ, ಓವರ್‌ಡ್ರೈವ್, ಕೋರಸ್ ಅಥವಾ ಫೇಸರ್‌ನಂಥ ಅಲೆಯಾಟದ ಪೆಡಲ್‌ಗಳು, ಕೊನೆಗೆ ಡಿಲೇ ಮತ್ತು ರಿವರ್ಬ್. ಫಜ್ ಫೇಸ್ ಬಗೆಯ ಪೆಡಲ್ ಗಿಟಾರಿನ ಪಿಕಪ್‌ಗೆ ನೇರವಾಗಿ ತಾಗಿಕೊಂಡಿರಬೇಕು, ನಡುವೆ ಬಫರ್ (ಸಂಕೇತವನ್ನು ಬಲಪಡಿಸುವ ಸರ್ಕ್ಯೂಟ್) ಇರುವ ಪೆಡಲ್ ಬಂದರೆ ಗಿಟಾರಿನ ವಾಲ್ಯೂಮ್ ಇಳಿಸಿದಾಗ ಅದು ಶುಭ್ರವಾಗುವುದಿಲ್ಲ.

ದಿ ಎಡ್ಜ್ ಅವರ ನಾದ ಬಯಸುವವರಿಗೆ ಡಿಲೇಯ ಲೆಕ್ಕ ತಿಳಿದಿರಬೇಕು. 60,000ವನ್ನು ಹಾಡಿನ ಪ್ರತಿ ನಿಮಿಷದ ಬೀಟ್‌ಗಳಿಂದ ಭಾಗಿಸಿದರೆ ಒಂದು ಬೀಟ್ ಎಷ್ಟು ಮಿಲಿಸೆಕೆಂಡ್ ಎಂದು ಸಿಗುತ್ತದೆ, ಅದರ ಮುಕ್ಕಾಲು ಭಾಗವೇ ಅವರು ಹೆಚ್ಚಾಗಿ ಬಳಸುವ ಡಿಲೇ. 120 ಬೀಟ್‌ಗಳ ಹಾಡಿಗೆ 500ರ ಮುಕ್ಕಾಲು, ಅಂದರೆ 375 ಮಿಲಿಸೆಕೆಂಡ್. ಪ್ರತಿಧ್ವನಿಯ ಗಟ್ಟಿತನ ಮೂಲ ಸ್ವರಕ್ಕೆ ಹತ್ತಿರವಿರಲಿ, ಮೀಟುವುದು ಒಂದು ಬೀಟಿಗೆ ಎರಡರಂತೆ ಸಮವಾಗಿರಲಿ. ಉಳಿದ ಹೆಣಿಗೆಯನ್ನು ಯಂತ್ರವೇ ಹಾಕುತ್ತದೆ.

ಕಂಪ್ಯೂಟರಿನ ದಾರಿ

ಶಬ್ದಕ್ಕೆ ಜಾಗವಿಲ್ಲದವರಿಗೂ, ಒಂದಕ್ಕಿಂತ ಹೆಚ್ಚು ವಾದಕರನ್ನು ಮೆಚ್ಚಿದವರಿಗೂ ಆಡಿಯೋ ಇಂಟರ್‌ಫೇಸ್ (ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಮತ್ತು ಆಂಪ್ ಸಾಫ್ಟ್‌ವೇರ್ ಇಂದು ಅತ್ಯಂತ ಮಿತವ್ಯಯದ ಮಾರ್ಗ. ಉಚಿತವಾಗಿ ಸಿಗುವ ನ್ಯೂರಲ್ ಆಂಪ್ ಮಾಡೆಲರ್‌ನಲ್ಲಿ ನಿಜವಾದ ಆಂಪ್‌ಗಳಿಂದ ತೆಗೆದ ಮಾದರಿಗಳನ್ನು ಹಾಕಿಕೊಂಡು ನುಡಿಸಬಹುದು. ಇಲ್ಲಿಯೂ ಸ್ಪೀಕರಿನ ಮಾತೇ ಮುಖ್ಯ. ಇಂಪಲ್ಸ್ ರೆಸ್ಪಾನ್ಸ್ ಎಂಬ ಕಿರುಕಡತ ಸ್ಪೀಕರ್ ಮತ್ತು ಮೈಕಿನ ಗುಣವನ್ನು ಹೊತ್ತಿರುತ್ತದೆ, ಆಂಪ್ ಮಾದರಿಯನ್ನು ಹತ್ತು ಸಲ ಬದಲಿಸುವುದಕ್ಕಿಂತ ಈ ಕಡತವನ್ನು ಒಮ್ಮೆ ಬದಲಿಸಿದರೆ ಹೆಚ್ಚು ವ್ಯತ್ಯಾಸ ಕಾಣುತ್ತದೆ. ಸೆಟ್ಟಿಂಗ್‌ನಲ್ಲಿ ಬಫರನ್ನು (ಕಂಪ್ಯೂಟರ್ ಒಮ್ಮೆಗೆ ಸಂಸ್ಕರಿಸುವ ಧ್ವನಿಯ ತುಣುಕನ್ನು) 128 ಸ್ಯಾಂಪಲ್‌ಗಳಿಗೆ ಇಳಿಸಿದರೆ 48 ಕಿಲೋಹರ್ಟ್ಸ್‌ನಲ್ಲಿ ಒಂದು ಬಫರಿಗೆ ಮೂರು ಮಿಲಿಸೆಕೆಂಡಿಗಿಂತ ಕಡಿಮೆ ತಡವಾಗುತ್ತದೆ. ಅದು ಬೆರಳಿಗೆ ತಿಳಿಯುವುದಿಲ್ಲ.

ವಿದ್ಯುತ್ತು ಮತ್ತು ತೇವ

ಅಮೆರಿಕದಲ್ಲಿರುವ ನೆಂಟರ ಕೈಯಲ್ಲಿ ಆಂಪ್ ತರಿಸುವ ಯೋಚನೆಯಿದ್ದರೆ ಅಲ್ಲಿಯದು 120 ವೋಲ್ಟ್, ಜಪಾನಿನದು 100 ವೋಲ್ಟ್, ನಮ್ಮದು 230 ವೋಲ್ಟ್ ಎಂಬುದು ನೆನಪಿರಲಿ. ನೇರವಾಗಿ ಜೋಡಿಸಿದರೆ ಆಂಪ್ ಸುಟ್ಟುಹೋಗಬಹುದು, ತಕ್ಕ ವಾಟ್‌ನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಪೆಡಲ್‌ಗಳಲ್ಲಿ ಬಹುಪಾಲು 9 ವೋಲ್ಟ್‌ನವು, ಅಡಾಪ್ಟರಿನ ನಡುವಿನ ಕಡ್ಡಿ ಋಣಧ್ರುವವಾಗಿರಬೇಕು. ಮೊಬೈಲ್ ಅಂಗಡಿಯ ಸಾಧಾರಣ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವಾಗಿರುತ್ತದೆ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದೆ ಸಿಂಗಲ್ ಕಾಯಿಲ್ ಗಿಟಾರ್ ಗುಂಯ್‌ಗುಡುತ್ತಿದ್ದರೆ ಬೇಡದ ಸದ್ದು ತಡೆಯುವ ದುಬಾರಿ ನಾಯ್ಸ್ ಗೇಟ್ ಪೆಡಲ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಇದು ಸುರಕ್ಷತೆಯ ಪ್ರಶ್ನೆಯೂ ಹೌದು.

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಮಳೆಗಾಲದಲ್ಲಿ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಗುಂಡಿಗಳು ಕರಕರ ಎನ್ನುತ್ತವೆ. ಲೇಪನವಿರುವ ತಂತಿ, ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್, ವರ್ಷಕ್ಕೊಮ್ಮೆ ಕಾಂಟ್ಯಾಕ್ಟ್ ಕ್ಲೀನರ್ ಇಷ್ಟನ್ನು ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ. ಬಳಸಿದ ಸಾಮಾನು ಕೊಳ್ಳುವಾಗ ಪ್ರತಿ ಗುಂಡಿಯನ್ನೂ ತಿರುಗಿಸಿ, ಆಂಪನ್ನು ಕನಿಷ್ಠ ಅರ್ಧ ಗಂಟೆ ಚಾಲೂ ಇಟ್ಟು ಕೇಳಿದ ಮೇಲೆಯೇ ಹಣ ಕೊಡಿ.

ಒಂದು ಉದಾಹರಣೆ: 'ಕಂಫರ್ಟಬ್ಲಿ ನಂಬ್' ಹಾಡಿನ ಕೊನೆಯ ಸೋಲೋ

ಪಿಂಕ್ ಫ್ಲಾಯ್ಡ್ ತಂಡದ ಈ ಹಾಡನ್ನು ಮುದ್ರಿಸುವಾಗ ಗಿಲ್ಮರ್ ಅವರ ಬಳಿ ಇದ್ದದ್ದು ಸ್ಟ್ರ್ಯಾಟೋಕಾಸ್ಟರ್, ಬಿಗ್ ಮಫ್ ಫಜ್ ಪೆಡಲ್, ಡಿಲೇ ಮತ್ತು ಹೈವಾಟ್ ಆಂಪ್. ಕೇಳಿ ಮಾಡಿದ ಟಿಪ್ಪಣಿ ಹೀಗಿರಬಹುದು: ಬ್ರಿಡ್ಜ್ ಪಿಕಪ್‌ನ ಚೂಪು, ದೀರ್ಘವಾಗಿ ನಿಲ್ಲುವ ಸ್ವರ, ದಟ್ಟ ಒಡಕು ಇದ್ದರೂ ಪ್ರತಿ ಸ್ವರವೂ ಸ್ಪಷ್ಟ, ಹಿಂದೆ ಮಸುಕಾದ ಪ್ರತಿಧ್ವನಿ.

ಬಿಗ್ ಮಫ್ ಮಧ್ಯಮ ಸ್ತರವನ್ನು ಬಹಳಷ್ಟು ಕಡಿಯುವ ಪೆಡಲ್. ಹೈವಾಟ್ ತನ್ನ ತುಂಬು ಮಧ್ಯಮದಿಂದ ಮತ್ತು ಒಡೆಯದ ಶಕ್ತಿಯಿಂದ ಆ ಕೊರತೆಯನ್ನು ತುಂಬುತ್ತದೆ. ಸಣ್ಣ ಆಂಪ್‌ನಲ್ಲಿ ಅದೇ ಪೆಡಲ್ ಹಾಕಿದರೆ ತಂಡದ ಸದ್ದಿನಲ್ಲಿ ಗಿಟಾರ್ ಮಾಯವಾಗುತ್ತದೆ. ಆದ್ದರಿಂದ ಮನೆಯಲ್ಲಿ ಸ್ಕ್ವಯರ್ ಸ್ಟ್ರ್ಯಾಟೋಕಾಸ್ಟರ್, ಬಿಗ್ ಮಫ್‌ನ ಸಣ್ಣ ನ್ಯಾನೋ ಆವೃತ್ತಿ, ಅದರ ಬೆನ್ನಿಗೆ ಟ್ಯೂಬ್ ಸ್ಕ್ರೀಮರ್ ಬಗೆಯ ಪೆಡಲ್, ಆಮೇಲೆ ಡಿಲೇ, ಕೊನೆಗೆ ಶುಭ್ರ ಚಾನೆಲ್‌ನಲ್ಲಿಟ್ಟ ಹನ್ನೆರಡು ಇಂಚಿನ ಸ್ಪೀಕರಿನ ಆಂಪ್ ಹೀಗೆ ಜೋಡಿಸಿ. ಮಫ್‌ನ ಸಸ್ಟೇನ್ ಅರ್ಧಕ್ಕಿಂತ ಸ್ವಲ್ಪ ಮೇಲಿರಲಿ, ಟೋನ್ ಅರ್ಧಕ್ಕಿಂತ ಕೆಳಗಿರಲಿ. ಸ್ಕ್ರೀಮರ್‌ನ ಡ್ರೈವನ್ನು ಸೊನ್ನೆಗೆ ಇಳಿಸಿ, ಲೆವೆಲ್ ನಡುವಿಗಿಡಿ, ಅದರ ಕೆಲಸ ಮಧ್ಯಮ ಸ್ತರವನ್ನು ಮರಳಿ ಕೊಡುವುದು ಮಾತ್ರ. ಆಂಪ್‌ನ ಮಿಡಲ್ ಗುಂಡಿ ಏಳರಲ್ಲಿರಲಿ, ಬಾಸ್ ನಾಲ್ಕಕ್ಕಿಂತ ಮೇಲೆ ಹೋಗದಿರಲಿ. ಡಿಲೇ 440 ಮಿಲಿಸೆಕೆಂಡಿನಿಂದ ಆರಂಭಿಸಿ, ಐದಾರು ಮರುಕಳಿಕೆಗಳಿರಲಿ, ಅದರ ಗಟ್ಟಿತನವು ಡಿಲೇ ನಿಲ್ಲಿಸಿದಾಗ ಮಾತ್ರ ಗೊತ್ತಾಗುವಷ್ಟು ಕಡಿಮೆಯಿರಲಿ.

ನಂತರ ಹಿನ್ನೆಲೆ ಟ್ರ್ಯಾಕಿನೊಡನೆ ನುಡಿಸಿ ಫೋನಿನಲ್ಲಿ ಮುದ್ರಿಸಿಕೊಂಡು, ಎರಡರ ಗಟ್ಟಿತನವನ್ನೂ ಸಮ ಮಾಡಿ ಮೂಲದೊಡನೆ ಹೋಲಿಸಿ, ಏಕೆಂದರೆ ಗಟ್ಟಿಯಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಸದಾ ಹೇಳುತ್ತದೆ. ವ್ಯತ್ಯಾಸ ಉಳಿದಿದ್ದರೆ ಗುಂಡಿಗಳಿಗೆ ಕೈ ಹಾಕುವ ಮೊದಲು ತಂತಿ ಎಳೆಯುವ ಕಡೆ ಗಮನ ಕೊಡಿ: ಗಿಲ್ಮರ್ ಸ್ವರವನ್ನು ಮೇಲಕ್ಕೆ ಎಳೆದು, ಅದು ಶ್ರುತಿಯಲ್ಲಿ ಕೂತ ಮೇಲಷ್ಟೇ, ನಿಧಾನವಾಗಿ, ಅಗಲವಾಗಿ ಕಂಪಿಸುತ್ತಾರೆ. ಎಳೆತ ಶ್ರುತಿಗಿಂತ ಕೂದಲೆಳೆಯಷ್ಟು ಕೆಳಗೆ ನಿಂತರೂ ಮಫ್ ಅದನ್ನು ದೊಡ್ಡದಾಗಿಸಿ ತೋರಿಸುತ್ತದೆ, ಹಾಗಾಗಿ ಎಳೆದ ಪ್ರತಿ ಸ್ವರವನ್ನೂ ಮೊದಲು ಪೆಡಲ್‌ಗಳಿಲ್ಲದೆ ಟ್ಯೂನರ್ ಮುಂದೆ ಪರೀಕ್ಷಿಸಿಕೊಳ್ಳಿ.